ಎಸ್ಸೆಮ್ಮೆಸ್ಸಿನಲ್ಲಿ ಕನ್ನಡ ಹಿಡಿಸುವುದು ಹೇಗೆ?

ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ 70. "ಅಮ್ಮಾ, ಊಟ ಆಯ್ತಾ?" ಎಂಬುದನ್ನೂ ನಮ್ಮಲ್ಲಿ ಅನೇಕರು ಇಂಗ್ಲಿಷ್ ಲಿಪಿಯಲ್ಲಿ ಕುಟ್ಟುವುದು ರೂಢಿಯಾದದ್ದಕ್ಕೆ ಈ ಲೆಕ್ಕವೂ ಒಂದು ಕಾರಣ.

ಸಂದೇಶವೊಂದಕ್ಕೆ ಸಿಗುವ ಜಾಗ 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು. ಕನ್ನಡ ಕಂಡೊಡನೆ ಫೋನು ಯೂನಿಕೋಡಿಗೆ ಹೊರಳಿ, ಪ್ರತಿ ಸಂಕೇತಕ್ಕೂ 16 ಬಿಟ್ ತೆಗೆದಿಡುತ್ತದೆ. ಸಾಲದ್ದಕ್ಕೆ ಒತ್ತು, ಕೊಂಬುಗಳದ್ದು ಬೇರೆ ಎಣಿಕೆ. ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ನೋಡಿ: ಸ, ಹಲಂತ, ತ, ಹಲಂತ, ರ, ಈಕಾರ. ಒಟ್ಟು ಆರು!

ಸಂದೇಶ ಕುಗ್ಗಿಸುವ ಆಪ್ ಕೈಹಾಕುವುದು ಇಲ್ಲೇ. ಯೂನಿಕೋಡಿನಲ್ಲಿ ಕನ್ನಡದ ಪಾಲು 128 ಸ್ಥಾನ ಮಾತ್ರ. ‘ಇದು ಕನ್ನಡ’ ಎಂದು ಮೊದಲಿಗೊಮ್ಮೆ ಹೇಳಿಬಿಟ್ಟರೆ ಮುಂದೆ 7 ಬಿಟ್ಟೇ ಸಾಕು. ಖಾಲಿ ಸ್ಥಾನಗಳಲ್ಲಿ ಚುಕ್ಕಿ, ತೆರಪುಗಳನ್ನು ಕೂರಿಸಬಹುದು. ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ ಉಪಾಯದಂತೆ ಪದೇ ಪದೇ ಬರುವ ಹಲಂತಕ್ಕೆ ಗಿಡ್ಡ ಸಂಕೇತ, ಅಪರೂಪದ ‘ಝ’ಗೆ ಉದ್ದನೆಯದು ಕೊಟ್ಟರೆ ಇನ್ನಷ್ಟು ಉಳಿತಾಯ.

ತೊಡಕಿರುವುದು ಬಿಚ್ಚುವಲ್ಲಿ. ಆ ತುದಿಯಲ್ಲೂ ಅದೇ ಆಪ್ ಇರಬೇಕು, ಇಲ್ಲವಾದರೆ ಅಮ್ಮನಿಗೆ ಕಾಣುವುದು ಬ್ರಹ್ಮಲಿಪಿ. ಹಾಗಾಗಿ ಇದು ಆಪ್ ಮಾಡುವ ಕೆಲಸವಲ್ಲ, ಫೋನೇ ಮಾಡಬೇಕಾದದ್ದು ಎಂದು ನನ್ನ ಅನಿಸಿಕೆ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿಯ ದಾಖಲೆಯಲ್ಲಿ ಕನ್ನಡಕ್ಕೆಂದೇ 7 ಬಿಟ್ಟಿನ ಕೋಷ್ಟಕವಿದೆ. ಎರಡೂ ತುದಿಯ ಫೋನುಗಳು ಅದನ್ನು ಬಲ್ಲವಾದರೆ ಒಂದು ಸಂದೇಶಕ್ಕೆ 155 ಸಂಕೇತ!

ವಾಟ್ಸಾಪ್ ಬಂದ ಮೇಲೆ ಈ ಎಣಿಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಗ್ರಾಹಕರಿಗೆ ಸಗಟಾಗಿ ಎಸ್ಸೆಮ್ಮೆಸ್ ಕಳಿಸುವವರಿಗೆ ಮಾತ್ರ ಸಾಮಾನ್ಯವಾಗಿ ತುಂಡಿನ ಲೆಕ್ಕದಲ್ಲೇ ಬಿಲ್ಲು. 70 ದಾಟಿದರೆ ಜೋಡಣೆಯ ಗುರುತಿಗೂ ಜಾಗ ಹೋಗಿ ತುಂಡಿಗೆ 67. ಇಂಗ್ಲಿಷಿನಲ್ಲಿ ಒಂದರಲ್ಲೇ ಮುಗಿಯುವ ಸುದ್ದಿ ಕನ್ನಡದಲ್ಲಿ ಮೂರಾಗುವುದು ಹೀಗೆ.