ಚಳಿ ಹೋಯಿತು, ಕಾರಿನ ಮೈಲೇಜು ಮರಳಿತೇ?

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎನ್ನುತ್ತ ಓಡಿಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ದೆಹಲಿಯಲ್ಲಿ ನೆಲೆಸಿರುವ ನಮಗೆ ಆ ಮಾತಿನ ಬೆಲೆ ಊರಿನಲ್ಲಿರುವವರಿಗಿಂತ ಚೆನ್ನಾಗಿ ಗೊತ್ತು. ಆದರೆ ಚಳಿ ಹೋದ ಮೇಲೂ ಅದು ಕಾರಿನ ಟ್ಯಾಂಕಿನಿಂದ ಕದ್ದ ಪೆಟ್ರೋಲಿನ ಲೆಕ್ಕ ಉಳಿದಿರುತ್ತದೆ. ಅಕ್ಟೋಬರ್‌ನಲ್ಲಿ ಲೀಟರಿಗೆ 15 ಕಿ.ಮೀ. ಓಡುತ್ತಿದ್ದ ಕಾರು ಜನವರಿಯಲ್ಲಿ 13.5ಕ್ಕೆ ಇಳಿಯಿತೆನ್ನೋಣ. ತಿಂಗಳಿಗೆ 600 ಕಿ.ಮೀ. ಓಡಿಸುವ ಮನೆಗೆ ಸುಮಾರು ನಾಲ್ಕೂವರೆ ಲೀಟರಿನ ನಷ್ಟ. ಗಾಬರಿಯಿಂದ ಗ್ಯಾರೇಜಿಗೆ ಹೋದರೆ ಇಂಜೆಕ್ಟರ್ ಶುದ್ಧಿ, ಎಂಜಿನ್ ಶುದ್ಧಿ ಎಂದು ಸಾವಿರಾರು ರೂಪಾಯಿಯ ಪಟ್ಟಿ ಕೈಗೆ ಬರುವುದೂ ಉಂಟು. ಅದಕ್ಕೆ ಒಪ್ಪುವ ಮುನ್ನ, ಈ ನಷ್ಟದಲ್ಲಿ ತಾನಾಗಿಯೇ ಮರಳುವುದೆಷ್ಟು, ನಾವು ಮರಳಿಸಬೇಕಾದುದೆಷ್ಟು ಎಂಬುದನ್ನು ತಿಳಿಯುವುದು ಒಳಿತು.

ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದು. ಆದುದರಿಂದ ಎಂಜಿನ್ ಕಾವೇರುವವರೆಗೆ ಕಾರಿನೊಳಗಿನ ಕಂಪ್ಯೂಟರು ಹೆಚ್ಚು ಇಂಧನವನ್ನು ಒದಗಿಸುತ್ತದೆ. ಎಂಜಿನ್ ಆಯಿಲು ಮಂದವಾಗಿರುವುದರಿಂದ ಒಳಗಿನ ಘರ್ಷಣೆ ಹೆಚ್ಚು. ಗಾಜಿನ ಮೇಲಿನ ಮಂಜನ್ನು ತೆಗೆಯಲು ಎ.ಸಿ.ಯೂ ದುಡಿಯಬೇಕು. ಅಮೆರಿಕ ಸರ್ಕಾರದ ಇಂಧನ ಮಿತವ್ಯಯ ಮಾಹಿತಿಯಂತೆ, 25 ಡಿಗ್ರಿ ಸೆಲ್ಸಿಯಸ್‌ಗೆ ಹೋಲಿಸಿದರೆ ಮೈನಸ್ 7 ಡಿಗ್ರಿಯಲ್ಲಿ ಪೆಟ್ರೋಲ್ ಕಾರಿನ ನಗರ ಮೈಲೇಜು ಸುಮಾರು ಶೇ. 15ರಷ್ಟು ಇಳಿಯುತ್ತದೆ, ಐದಾರು ಕಿ.ಮೀ.ಗಳ ಸಣ್ಣ ಓಡಾಟದಲ್ಲಿ ಈ ಇಳಿತ ಶೇ. 24ರವರೆಗೂ ಹೋಗಬಹುದು. ದೆಹಲಿಯ ಚಳಿ ಅಷ್ಟು ಕಠಿಣವಲ್ಲ. ಆದರೆ ಶಾಲೆ, ತರಕಾರಿ ಮಂಡಿ, ಮೆಟ್ರೋ ನಿಲ್ದಾಣ ಎಂಬ ನಮ್ಮ ಓಡಾಟವೆಲ್ಲ ಸಣ್ಣದೇ. ಎಂಜಿನ್ ಬಿಸಿಯಾಗುವಷ್ಟರಲ್ಲಿ ದಾರಿ ಮುಗಿದಿರುತ್ತದೆ.

ಈ ಕಾರಣಗಳೆಲ್ಲ ಬಿಸಿಲಿನೊಡನೆ ತಾವೇ ಕರಗುತ್ತವೆ. ಅವುಗಳಿಗಾಗಿ ಒಂದು ಕಾಸನ್ನೂ ವ್ಯಯಿಸಬೇಕಿಲ್ಲ. ತಾವಾಗಿ ಸರಿಹೋಗದ ಸಂಗತಿಗಳು ಬೇರೆ ಇವೆ.

ಮೊದಲನೆಯದು ಟಯರಿನ ಗಾಳಿ. ಉಷ್ಣಾಂಶ ಐದಾರು ಡಿಗ್ರಿ ಇಳಿದಂತೆಲ್ಲ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. 30 ಡಿಗ್ರಿಯಲ್ಲಿ ತುಂಬಿಸಿದ ಟಯರು 5 ಡಿಗ್ರಿಯ ಮುಂಜಾನೆ ನಾಲ್ಕು ಪಿಎಸ್‌ಐಗಿಂತ ಹೆಚ್ಚನ್ನೇ ಕಳೆದುಕೊಂಡಿರುತ್ತದೆ. ಬಿಸಿಲು ಬಂದಾಗ ಈ ಒತ್ತಡ ಮರಳಿದರೂ, ತಿಂಗಳುಗಟ್ಟಲೆ ಮೆಲ್ಲನೆ ಸೋರಿಹೋದ ಗಾಳಿ ಮರಳುವುದಿಲ್ಲ. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ನಿಮ್ಮ ಕಾರಿಗೆ ತಕ್ಕ ಅಂಕಿ ಇರುತ್ತದೆ. ಬೆಳಿಗ್ಗೆ ಕಾರು ಓಡುವ ಮುನ್ನ, ಟಯರು ತಣ್ಣಗಿರುವಾಗಲೇ ಅಳೆಯಬೇಕು. ಸ್ಟೆಪ್ನಿಯನ್ನೂ ಮರೆಯಬಾರದು. ಜನವರಿಯಲ್ಲಿ ಸರಿಯಾಗಿ ತುಂಬಿಸಿದ್ದರೂ ಮೇ ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿರಿ. ಆಗ ಒತ್ತಡ ಮಿತಿಮೀರಿರಬಹುದು.

ಎರಡನೆಯದು ಹೊರೆ. ಕುಫ್ರಿ, ಮನಾಲಿಯ ಹಿಮ ನೋಡಲು ಹೋದಾಗ ಛಾವಣಿಗೆ ಕಟ್ಟಿದ ಕ್ಯಾರಿಯರ್ ಹೋಳಿ ಹಬ್ಬದವರೆಗೂ ಅಲ್ಲೇ ಉಳಿಯುವುದನ್ನು ನಾವು ಬಲ್ಲೆವು. ಹೆದ್ದಾರಿಯಲ್ಲಿ ಅದು ಗಾಳಿಯನ್ನು ತಡೆದು ಇಂಧನವನ್ನು ನುಂಗುತ್ತದೆ. ಡಿಕ್ಕಿಯಲ್ಲಿ ಉಳಿದ ಸಾಮಾನನ್ನೂ ಇಳಿಸಿರಿ.

ಮೂರನೆಯದು ನಮ್ಮ ಅಭ್ಯಾಸ. ಚೋಕ್ ಎಳೆದು ಕಾರನ್ನು ಚಾಲೂ ಮಾಡುತ್ತಿದ್ದ ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಎಂಜಿನ್ ಬಿಸಿಯಾಗಲೆಂದು ಕಾಯುವುದು ಅಗತ್ಯವಾಗಿತ್ತು. ಇಂಜೆಕ್ಷನ್ ಇರುವ ಇಂದಿನ ಕಾರಿಗೆ ಅರ್ಧ ನಿಮಿಷ ಸಾಕು. ಬಳಿಕ ಮೆಲ್ಲನೆ ಓಡಿಸುವುದೇ ಬೇಗ ಬಿಸಿಯಾಗುವ ದಾರಿ. ನಿಂತಲ್ಲೇ ಉರಿಯುವ ಎಂಜಿನ್ನಿನ ಮೈಲೇಜು ಸೊನ್ನೆ. ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣಕ್ಕೇ ಅಪಾಯ.

ಏರ್ ಫಿಲ್ಟರಿನ ಬಗ್ಗೆಯೂ ಒಂದು ಮಾತು. ದೆಹಲಿಯ ಧೂಳು ಹೊಗೆಯಲ್ಲಿ ಅದನ್ನು ಕಾಲಕಾಲಕ್ಕೆ ಬದಲಿಸಬೇಕೆಂಬುದು ಸರಿ. ಆದರೆ ಇಂಜೆಕ್ಷನ್ ಕಾರಿನಲ್ಲಿ ಕಟ್ಟಿದ ಫಿಲ್ಟರು ಮುಖ್ಯವಾಗಿ ಎಳೆತವನ್ನು ಕುಗ್ಗಿಸುತ್ತದೆಯೇ ಹೊರತು ಮೈಲೇಜನ್ನಲ್ಲ.

ಇಷ್ಟಾದ ಮೇಲೆ ಅಳತೆ. ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿರಿ. ಮುನ್ನೂರು ನಾನೂರು ಕಿ.ಮೀ. ಓಡಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿರಿ. ಎರಡು ಮೂರು ಬಾರಿ ಹೀಗೆ ಮಾಡಿದರೆ ನಂಬಲರ್ಹವಾದ ಅಂಕಿ ಸಿಗುತ್ತದೆ. ಅದನ್ನು ಕಳೆದ ಅಕ್ಟೋಬರಿನೊಡನೆ ಹೋಲಿಸಿರಿ, ಐದು ವರ್ಷದ ಹಿಂದಿನದರೊಡನೆ ಅಲ್ಲ. 2025ರ ಹೊತ್ತಿಗೆ ದೇಶದ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇ. 20ಕ್ಕೆ ಏರಿದೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಆ ಇಳಿತಕ್ಕೆ ಚಳಿಯೂ ಹೊಣೆಯಲ್ಲ, ಮೆಕ್ಯಾನಿಕನ ಬಳಿ ಮದ್ದೂ ಇಲ್ಲ.

ಮಾರ್ಚ್ ಮುಗಿದರೂ ಅಂಕಿ ಏರದಿದ್ದರೆ ಮಾತ್ರ ಗ್ಯಾರೇಜಿಗೆ ಹೋಗಿರಿ. ಲಕ್ಷಣವನ್ನು ಹೇಳಿ ಪರೀಕ್ಷೆ ಕೇಳಿರಿ. ಇಪ್ಪತ್ತು ನಿಮಿಷ ಓಡಿಸಿದರೂ ಉಷ್ಣತೆಯ ಮುಳ್ಳು ನಡುವಿಗೆ ಬಾರದಿದ್ದರೆ, ಅಥವಾ ನೀಲಿ ದೀಪ ಆರದಿದ್ದರೆ, ಥರ್ಮೋಸ್ಟ್ಯಾಟ್ ತೆರೆದೇ ಉಳಿದಿರಬಹುದು. ಎಂಜಿನ್ ಇನ್ನೂ ತಣ್ಣಗಿದೆಯೆಂದೇ ಬಗೆದು ಕಂಪ್ಯೂಟರು ಬೇಸಿಗೆಯಲ್ಲೂ ಹೆಚ್ಚು ಪೆಟ್ರೋಲು ಸುರಿಯುತ್ತಿರುತ್ತದೆ. ಓಡಿಸಿದ ಬಳಿಕ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಬ್ರೇಕು ಕಚ್ಚಿಕೊಂಡಿರಬಹುದು. ಇದು ಇಂಧನದ ಪ್ರಶ್ನೆಯಷ್ಟೇ ಅಲ್ಲ, ಮನೆಮಂದಿಯ ಸುರಕ್ಷತೆಯ ಪ್ರಶ್ನೆ, ತಡಮಾಡದೆ ತೋರಿಸಿರಿ.

ಉಳಿದಂತೆ ಬೇಕಾದುದು ಒಂದು ಗಾಳಿ ಅಳೆಯುವ ಗೇಜು, ಒಂದು ಪುಟ್ಟ ಲೆಕ್ಕದ ಪುಸ್ತಕ, ತುಸು ತಾಳ್ಮೆ. ಚಳಿ ಒಯ್ದದ್ದರಲ್ಲಿ ಹೆಚ್ಚಿನದನ್ನು ಬಿಸಿಲೇ ತಂದುಕೊಡುತ್ತದೆ.