ಧ್ಯಾನವನ್ನು ಅಳೆಯಬಹುದೆ?

ಮಣಿಕಟ್ಟಿನ ಮೇಲೆ ಬೆರಳುಗಳನ್ನಿಟ್ಟು ನಾಡಿ ನೋಡುವುದು ನಮ್ಮ ದೇಶದ ವೈದ್ಯರಿಗೆ ಶತಮಾನಗಳಿಂದ ಬಂದ ವಿದ್ಯೆ. ನಾಡಿ ಮಿಡಿಯುತ್ತಿದ್ದರೆ ಹೃದಯ ನಡೆಯುತ್ತಿದೆ; ನಾಡಿ ನಿಂತರೆ ಹೃದಯವೂ ನಿಂತಿದೆ. ಈ ತರ್ಕದಲ್ಲಿ ದೋಷವಿರಬಹುದೆಂದು ಯಾರಿಗಾದರೂ ತೋರುವುದೆ? ಯೋಗಾಭ್ಯಾಸದ ಬಲದಿಂದ ಹೃದಯವನ್ನೇ ನಿಲ್ಲಿಸಬಲ್ಲೆವೆಂದು ಹೇಳುತ್ತಿದ್ದ ಕೆಲವು ಸಾಧಕರು ನಮ್ಮಲ್ಲಿದ್ದರು. ಅವರ ಮಣಿಕಟ್ಟನ್ನು ಹಿಡಿದು ನೋಡಿದವರಿಗೆ ನಾಡಿ ನಿಜವಾಗಿಯೂ ಸಿಕ್ಕುತ್ತಿರಲಿಲ್ಲ. 1957ರಲ್ಲಿ ಅಮೆರಿಕದಿಂದ ಬಂದ ವೆಂಗರ್ ಮತ್ತು ಬಾಗ್ಚಿ ಎಂಬ ಸಂಶೋಧಕರೂ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದ್ ಅವರೂ ಕೂಡಿ ಅಂಥವರನ್ನು ಪರೀಕ್ಷಿಸಿದರು. ನಾಡಿ ಮಾಯವಾದ ಹೊತ್ತಿನಲ್ಲಿಯೂ ಹೃದಯದ ವಿದ್ಯುತ್ತನ್ನು ದಾಖಲಿಸುವ ಯಂತ್ರದ ಲೇಖನಿಯು ಕಾಗದದ ಮೇಲೆ ತನ್ನ ಏರಿಳಿತಗಳನ್ನು ಬರೆಯುತ್ತಲೇ ಇದ್ದಿತು.

ಸಾಧಕರು ಮೋಸಮಾಡಿದರೆಂದು ತಿಳಿಯಬೇಕಾಗಿಲ್ಲ. ಉಸಿರನ್ನು ಬಿಗಿಹಿಡಿದು ಎದೆಯ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಸಂಕೋಚಿಸಿದರೆ ಎದೆಗೂಡಿನೊಳಗಿನ ಒತ್ತಡವು ಏರುತ್ತದೆ. ಆಗ ಸಿರೆಗಳಿಂದ ಹೃದಯಕ್ಕೆ ಮರಳುವ ರಕ್ತ ಕಡಮೆಯಾಗುತ್ತದೆ; ಹೃದಯವು ಬಡಿಯುತ್ತಿದ್ದರೂ ಹೊರಕ್ಕೆ ತಳ್ಳಲು ಅದರಲ್ಲಿ ಸಾಕಷ್ಟು ರಕ್ತವಿರುವುದಿಲ್ಲ. ಮಣಿಕಟ್ಟಿನ ಬೆರಳಿಗೆ ಮಿಡಿತ ತಟ್ಟುವುದಾದರೂ ಹೇಗೆ? ಹೃದಯ ನಿಂತಿತೆಂದು ಸ್ವತಃ ಆ ಸಾಧಕನಿಗೇ ಅನಿಸಿದ್ದರೂ ಆಶ್ಚರ್ಯವಿಲ್ಲ. ತನ್ನ ದೇಹದ ವಿಷಯದಲ್ಲಿಯೇ ಮನುಷ್ಯನು ಇಷ್ಟು ಪ್ರಾಮಾಣಿಕವಾಗಿ ತಪ್ಪಬಲ್ಲನೆಂದಾದರೆ, ಮನಸ್ಸಿನ ವಿಷಯದಲ್ಲಿ ತಾನೇ ತನಗೆ ಕೊಟ್ಟುಕೊಳ್ಳುವ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬೇಕು? ಭೌತಶಾಸ್ತ್ರವನ್ನು ಬೋಧಿಸುವ ನಮ್ಮನ್ನು ಧ್ಯಾನದ ಕಡೆಗೆ ಎಳೆದದ್ದು ಈ ಪ್ರಶ್ನೆಯೇ.

ಮಿದುಳಿನಲ್ಲಿಯೂ ಅತಿ ಸೂಕ್ಷ್ಮವಾದ ವಿದ್ಯುತ್ ಸ್ಪಂದನಗಳಿವೆ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ತಲೆಯ ಚರ್ಮದ ಮೇಲಿಂದಲೇ ಇವನ್ನು ದಾಖಲಿಸಿದ ಕ್ರಮವನ್ನು ಪ್ರಕಟಿಸಿದನು. ಎಚ್ಚರವಾಗಿದ್ದು ಕಣ್ಣು ಮುಚ್ಚಿ ನಿಶ್ಚಿಂತರಾಗಿ ಕುಳಿತಾಗ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ತರಂಗಗಳು ಕಾಣಿಸಿಕೊಳ್ಳುತ್ತವೆ. ಅವಕ್ಕೆ ಆಲ್ಫಾ ತರಂಗಗಳೆಂದು ಹೆಸರು. ಬಾಗಿಲು ಧಡಾರನೆ ಬಡಿದುಕೊಂಡರೆ ಅವು ಒಂದು ಕ್ಷಣ ಅಡಗುತ್ತವೆ. ಆನಂದ್ ಮತ್ತು ಅವರ ಸಹೋದ್ಯೋಗಿಗಳು 1961ರಲ್ಲಿ ಪ್ರಕಟಿಸಿದ ವರದಿಯಂತೆ, ಧ್ಯಾನಸ್ಥರಾದ ಯೋಗಿಗಳಲ್ಲಿ ಬೆಳಕು, ಶಬ್ದ ಮೊದಲಾದ ಪ್ರಚೋದನೆಗಳಿಂದಲೂ ಈ ತರಂಗಗಳು ಕದಲಲಿಲ್ಲ. ಅವರಲ್ಲಿ ಇಬ್ಬರು 4 ಡಿಗ್ರಿ ಸೆಂಟಿಗ್ರೇಡಿನಷ್ಟು ತಣ್ಣಗಿರುವ ನೀರಿನಲ್ಲಿ ಕೈಯನ್ನು 45ರಿಂದ 55 ನಿಮಿಷಗಳವರೆಗೆ ಮುಳುಗಿಸಿಕೊಂಡು ಕುಳಿತಿದ್ದರು. ಆಗಲೂ ಆಲ್ಫಾ ತರಂಗಗಳು ಎಡೆಬಿಡದೆ ಬರುತ್ತಿದ್ದವು. ಮಂಜುಗಡ್ಡೆ ತೇಲುವ ನೀರಿನಲ್ಲಿ ಎರಡು ನಿಮಿಷ ಕೈಯಿಟ್ಟು ನೋಡಿದವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುವುದು.

ಇದಾದ ಮೇಲೆ 1966ರಲ್ಲಿ ಜಪಾನಿನ ಕಸಮಾತ್ಸು ಮತ್ತು ಹಿರಾಯಿ ಎಂಬವರು ಜೆನ್ ಸಾಧಕರನ್ನು ಕುರಿತು ಬೇರೊಂದು ಕಥೆಯನ್ನೇ ಹೇಳಿದರು. ಒಂದೇ ಬಗೆಯ ಟಿಕ್ ಶಬ್ದವನ್ನು ಮತ್ತೆ ಮತ್ತೆ ಕೇಳಿಸಿದರೆ ಸಾಮಾನ್ಯರು ಅದಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ, ಮಿದುಳು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಜೆನ್ ಗುರುಗಳ ಮಿದುಳಾದರೋ ಪ್ರತಿಯೊಂದು ಟಿಕ್‌ಗೂ ಅದು ಮೊದಲನೆಯದೋ ಎಂಬಂತೆ ಓಗೊಡುತ್ತಿದ್ದಿತು! ಯೋಗಿಯು ಜಗತ್ತಿನಿಂದ ಒಳಸರಿಯುವನು, ಜೆನ್ ಸಾಧಕನು ಜಗತ್ತಿಗೆ ಸದಾ ಹೊಸದಾಗಿ ತೆರೆದಿರುವನು ಎಂಬ ಸುಂದರವಾದ ವ್ಯಾಖ್ಯಾನವು ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಆದರೆ 1981ರಲ್ಲಿ ಬೆಕರ್ ಮತ್ತು ಶಪೀರೊ ಎಂಬವರು ಎರಡೂ ಪಂಥಗಳ ಸಾಧಕರನ್ನು ಒಂದೇ ಪ್ರಯೋಗದಲ್ಲಿ ಕೂರಿಸಿ ನೋಡಿದಾಗ ಆ ವ್ಯತ್ಯಾಸವು ಕಂಡುಬರಲಿಲ್ಲ; ಎಲ್ಲರೂ ಸಾಮಾನ್ಯರಂತೆಯೇ ಶಬ್ದಕ್ಕೆ ಒಗ್ಗಿಕೊಂಡರು. ಸುಂದರವಾದ ವ್ಯಾಖ್ಯಾನಗಳನ್ನು ಕೈಬಿಡುವುದು ಕಷ್ಟ. ಇಂದಿಗೂ ಹಲವರು ಮೊದಲನೆಯ ಕಥೆಯನ್ನಷ್ಟೇ ಹೇಳುತ್ತಿರುತ್ತಾರೆ.

ಮಿದುಳಿಗಿಂತ ಉಸಿರು ನಮ್ಮ ಪ್ರಯೋಗಶಾಲೆಗೆ ಹತ್ತಿರದ ವಸ್ತು. ಹೃದಯದಲ್ಲಿ ಬಡಿತವನ್ನು ಆರಂಭಿಸುವ ಪುಟ್ಟ ಗಂಟು ಇದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಮಿನಿಟಿಗೆ ಸುಮಾರು 100 ಬಾರಿ ಮಿಡಿಯುವುದು. ವಿಶ್ರಾಂತಿಯಲ್ಲಿ ನಮ್ಮ ನಾಡಿ 70ರ ಆಸುಪಾಸಿನಲ್ಲಿರುವುದಕ್ಕೆ ಕಾರಣ ವೇಗಸ್ ಎಂಬ ನರವು ಎತ್ತಿನ ಬಂಡಿಯನ್ನು ಹಗ್ಗದಿಂದ ಹಿಡಿದೆಳೆದಂತೆ ಅದನ್ನು ತಡೆಯುತ್ತಿರುವುದು. ಉಸಿರನ್ನು ಒಳಕ್ಕೆಳೆಯುವಾಗ ಈ ಹಗ್ಗ ಸಡಿಲುತ್ತದೆ, ಹೊರಕ್ಕೆ ಬಿಡುವಾಗ ಬಿಗಿಯುತ್ತದೆ. ಆದುದರಿಂದ ದೀರ್ಘವಾಗಿ ಉಸಿರಾಡುತ್ತ ನಾಡಿಯನ್ನು ಹಿಡಿದರೆ, ಉಸಿರು ಬಿಡುವಾಗ ಮಿಡಿತಗಳ ನಡುವಣ ಅಂತರವು ಹಿಗ್ಗುವುದನ್ನು ಓದುಗರು ಈ ಪುಟವನ್ನು ಮಗುಚುವ ಮೊದಲೇ ಪರೀಕ್ಷಿಸಿಕೊಳ್ಳಬಹುದು.

ಇನ್ನೂ ಸ್ವಾರಸ್ಯವಾದ ಸಂಗತಿ ಇದೆ. ಕುತ್ತಿಗೆಯ ಮತ್ತು ಎದೆಯ ದೊಡ್ಡ ಅಪಧಮನಿಗಳ ಗೋಡೆಯಲ್ಲಿ ರಕ್ತದ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿದೊಡನೆ ಅವು ಮಿದುಳಿಗೆ ವರದಿಮಾಡುತ್ತವೆ. ಹೃದಯವು ನಿಧಾನಿಸುತ್ತದೆ, ರಕ್ತನಾಳಗಳು ಸಡಿಲುತ್ತವೆ. ಆದರೆ ನಾಳಗಳು ಅಪ್ಪಣೆಯನ್ನು ಪಾಲಿಸಲು ಕೆಲವು ಸೆಕೆಂಡುಗಳು ಹಿಡಿಯುತ್ತವೆ. ತಡವಾಗಿ ಓಗೊಡುವ ಯಾವ ನಿಯಂತ್ರಣವೂ ತೂಗಾಡುವುದು ಸಹಜವಷ್ಟೆ. ಇಲ್ಲಿನ ತೂಗಾಟದ ಅವಧಿ ಸುಮಾರು 10 ಸೆಕೆಂಡು. ಹಾಗಾದರೆ ಉಸಿರಾಟವೂ 10 ಸೆಕೆಂಡಿಗೆ ಒಂದರಂತೆ, ಎಂದರೆ ಮಿನಿಟಿಗೆ 6ರಂತೆ ನಡೆದರೆ? ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದಂತಾಗುವುದು. ನಾವು ತರಗತಿಯಲ್ಲಿ ಶ್ರುತಿಕವೆಯಿಂದ ತೋರಿಸುವ ಅನುನಾದವೇ ಇದು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಒಂದು ಮಂತ್ರವನ್ನೂ ಹೇಳಿಸಿದರು. ಎರಡರಲ್ಲಿಯೂ ಉಸಿರು ತಾನಾಗಿಯೇ ಮಿನಿಟಿಗೆ ಸುಮಾರು 6ಕ್ಕೆ ಇಳಿದು ನಿಂತಿತು. ಒತ್ತಡದ ಏರಿಳಿತಕ್ಕೆ ಹೃದಯವು ಓಗೊಡುವ ಚುರುಕೂ ಹೆಚ್ಚಿತು. ಎರಡು ದೂರದ ಧರ್ಮಗಳ ಜಪ ಒಂದೇ ಲಯದಲ್ಲಿ ಕೂಡಿದುದನ್ನು ಓದಿ ನಮಗೆ ಬಹಳ ಸಂತೋಷವಾಯಿತು.

ಈ ಸಂತೋಷದಲ್ಲಿ ನಾವೂ ಒಂದು ತಪ್ಪು ಮಾಡಿದೆವು. ಕಾಲೇಜಿನ ಮಹಡಿಯ ಕೊಠಡಿಯೊಂದರಲ್ಲಿ ವಿದ್ಯಾರ್ಥಿಗಳನ್ನು ಹತ್ತು ನಿಮಿಷ ಕಣ್ಣುಮುಚ್ಚಿ ಕೂರಿಸಿ, ಮೊದಲೂ ಅನಂತರವೂ ನಾಡಿ ಎಣಿಸಲು ಹೇಳಿದೆವು. ಎಲ್ಲರ ನಾಡಿಯೂ ಇಳಿಯಿತು. ಧ್ಯಾನದ ಫಲವೆಂದು ಹೇಳಹೊರಟಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ನಾವೆಲ್ಲ ಈಗ ತಾನೇ ಮೂರು ಮಹಡಿ ಹತ್ತಿ ಬಂದಿದ್ದೆವಲ್ಲ, ಸರ್?” ಎಂದಳು. ಮರುದಿನ ಅರ್ಧ ಮಂದಿಯನ್ನು ಧ್ಯಾನಕ್ಕೆ ಕೂರಿಸಿ, ಉಳಿದರ್ಧ ಮಂದಿಯ ಕೈಗೆ ಪತ್ರಿಕೆ ಕೊಟ್ಟೆವು. ಎರಡು ಗುಂಪಿನಲ್ಲಿಯೂ ನಾಡಿ ಹೆಚ್ಚುಕಡಮೆ ಒಂದೇ ಸಮನಾಗಿ ಇಳಿಯಿತು. ಧ್ಯಾನವು ನಿಷ್ಫಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ನಮ್ಮ ಮೊದಲ ದಿನದ ಪ್ರಯೋಗ ನಿಷ್ಫಲವೆಂಬುದು ಮಾತ್ರ ಸಿದ್ಧವಾಯಿತು. ದೊಡ್ಡ ಪ್ರಮಾಣದಲ್ಲಿ ಹೀಗೆ ಹೋಲಿಕೆಯ ಗುಂಪನ್ನಿಟ್ಟುಕೊಂಡು ನಡೆದ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಫಲಿತಾಂಶಗಳನ್ನು, 2014ರಲ್ಲಿ ಅಮೆರಿಕದ ಸಂಶೋಧಕರು ಒಟ್ಟುಗೂಡಿಸಿ ನೋಡಿದರು. ಆತಂಕ, ಖಿನ್ನತೆ, ನೋವು ಇವು ಧ್ಯಾನದಿಂದ ಸ್ವಲ್ಪ ಮಟ್ಟಿಗೆ ತಗ್ಗುವುದಕ್ಕೆ ಸಾಧಾರಣವಾದ ಆಧಾರ ದೊರೆಯಿತು. ವ್ಯಾಯಾಮ, ಔಷಧಿ ಮೊದಲಾದ ಚಿಕಿತ್ಸೆಗಳಿಗಿಂತ ಧ್ಯಾನವು ಮೇಲೆನ್ನುವುದಕ್ಕೆ ಆಧಾರ ದೊರೆಯಲಿಲ್ಲ.

ಆತ್ಮಪರೀಕ್ಷೆಗೂ ಇಂಥದೇ ಎಚ್ಚರ ಬೇಕು. ಮಿಂಚೂ ವಿದ್ಯುತ್ತೂ ಒಂದೇ ಎಂದು ವಾದಿಸಿದ ಬೆಂಜಮಿನ್ ಫ್ರಾಂಕ್ಲಿನ್ ತರುಣನಾಗಿದ್ದಾಗ 13 ಸದ್ಗುಣಗಳ ಪಟ್ಟಿಮಾಡಿಕೊಂಡು, ಚಿಕ್ಕ ಪುಸ್ತಕವೊಂದರಲ್ಲಿ ವಾರದ ಏಳು ದಿನಗಳಿಗೆ ಮನೆಗಳನ್ನು ಗೆರೆಹಾಕಿ, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆಯನ್ನಿಡುತ್ತಿದ್ದನು. ವಾರಕ್ಕೊಂದು ಗುಣಕ್ಕೆ ವಿಶೇಷ ಗಮನ. 13 ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ವಸ್ತುಗಳನ್ನು ಅವುಗಳ ಜಾಗದಲ್ಲಿಡುವ ಗುಣವೊಂದು ತನಗೆ ಕೊನೆಯವರೆಗೂ ಒಲಿಯಲಿಲ್ಲವೆಂದು ಮುದುಕನಾದ ಮೇಲೆ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಆತನ ಪುಸ್ತಕದ ಗುಟ್ಟು ಚುಕ್ಕೆಯಲ್ಲಿದೆ: “ನಾನು ಒಳ್ಳೆಯವನೆ?” ಎಂದು ಕೇಳದೆ, “ಇಂದು ಇದು ನಡೆಯಿತೆ, ಇಲ್ಲವೆ?” ಎಂದು ಕೇಳಿದನು. ಮೊದಲನೆಯ ಪ್ರಶ್ನೆಗೆ ನಾವೆಲ್ಲ ಕೊಡುವ ಉತ್ತರ ಬಹು ಉದಾರವಾದುದು. 1999ರಲ್ಲಿ ಡನ್ನಿಂಗ್ ಮತ್ತು ಕ್ರೂಗರ್ ನಡೆಸಿದ ಪರೀಕ್ಷೆಗಳಲ್ಲಿ ಕೊನೆಯ ಕಾಲುಭಾಗದಲ್ಲಿ ಬಿದ್ದವರು ನೂರರಲ್ಲಿ 12ನೆಯ ಮೆಟ್ಟಿಲಲ್ಲಿದ್ದು, ತಾವು 62ನೆಯದರಲ್ಲಿದ್ದೇವೆಂದು ಭಾವಿಸಿದ್ದರು. ಇದರಲ್ಲಿ ಒಂದಂಶ ಸಂಖ್ಯಾಶಾಸ್ತ್ರದ ಕಣ್ಕಟ್ಟೆಂದು ವಾದಿಸುವವರಿದ್ದಾರೆ. ಉತ್ತರಪತ್ರಿಕೆಗಳನ್ನು ತಿದ್ದುವ ನಮಗೆ ಉಳಿದಂಶವೇ ಸಾಕೆನಿಸುತ್ತದೆ.

ಇನ್ನು ನಮ್ಮ ಎರಡನೆಯ ತಪ್ಪು. ಇದು ಮೊದಲನೆಯದರಷ್ಟು ಹಗುರವಾದುದಲ್ಲ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಪರೀಕ್ಷೆ ಹತ್ತಿರವಾದಂತೆ ನಿದ್ರೆ ಬಾರದೆಂದೂ ಎದೆ ಹೊಡೆದುಕೊಳ್ಳುವುದೆಂದೂ ಹೇಳಿಕೊಂಡು ಬಂದನು. ಬೆಳಿಗ್ಗೆ ಕಾಲು ಗಂಟೆ ಉಸಿರನ್ನು ಗಮನಿಸುತ್ತ ಕೂರುವಂತೆಯೂ ನಾಡಿಯನ್ನು ಪುಸ್ತಕದಲ್ಲಿ ಬರೆಯುವಂತೆಯೂ ಹೇಳಿ ಕಳುಹಿಸಿದೆವು. ಮೂರು ವಾರಗಳ ಮೇಲೆ ಆತ ತಂದ ಪುಸ್ತಕವನ್ನು ನೋಡಿ ಗಾಬರಿಯಾಯಿತು. ಅರ್ಧ ಗಂಟೆಗೊಮ್ಮೆ, ನಡುರಾತ್ರಿಯಲ್ಲಿಯೂ, ನಾಡಿಯನ್ನು ಎಣಿಸಿ ಬರೆದಿದ್ದನು. ಅಂಕಿಗಳು ವಾರದಿಂದ ವಾರಕ್ಕೆ ಏರುತ್ತಿದ್ದವು. ಒಂದು ಚಮಚ ಬಿಸಿನೀರಿನಲ್ಲಿ ದಪ್ಪ ಉಷ್ಣಮಾಪಕವನ್ನು ಅದ್ದಿದರೆ ಮಾಪಕವೇ ನೀರಿನ ಶಾಖವನ್ನು ಹೀರಿ ತಪ್ಪು ತಾಪವನ್ನು ತೋರಿಸುವುದೆಂದು ಪ್ರತಿವರ್ಷವೂ ಪಾಠ ಹೇಳುವ ನಾವೇ, ಈ ಹುಡುಗನ ಕೈಗೆ ಅಂಥ ಮಾಪಕವನ್ನು ಕೊಟ್ಟಿದ್ದೆವು. ಆತಂಕವನ್ನು ಅಳೆಯುವ ಕ್ರಿಯೆಯೇ ಆತಂಕವಾಗಿದ್ದಿತು.

ಮೊದಲು ಆತನನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ಮೂರು ವಾರಗಳ ಹಿಂದೆಯೇ ಮಾಡಬೇಕಾಗಿದ್ದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 45 ಮಂದಿ ತೀವ್ರ ಖಿನ್ನತೆಯ ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಯಬದ್ಧ ಉಸಿರಾಟದ ಅಭ್ಯಾಸವು ಔಷಧಿಗೆ ಹತ್ತಿರದ ಫಲವನ್ನೇ ಕೊಟ್ಟಿತು. ಆದರೆ ಅದು ನಡೆದುದು ವೈದ್ಯರ ಕಣ್ಣೆದುರಿನಲ್ಲಿ. ವಿದ್ಯುತ್ ಚಿಕಿತ್ಸೆಯ ಫಲ ಅದಕ್ಕಿಂತ ಮಿಗಿಲಾಗಿದ್ದಿತೆಂಬುದನ್ನೂ ಅದೇ ವರದಿ ಹೇಳುತ್ತದೆ. ನಿದ್ರೆಗೆಟ್ಟ ಹುಡುಗನಿಗೆ ಭೌತಶಾಸ್ತ್ರದ ಅಧ್ಯಾಪಕರು ಚಿಕಿತ್ಸಕರಾಗಬಾರದು.

ಅನಂತರ ಪುಸ್ತಕದ ಕ್ರಮವನ್ನು ಬದಲಾಯಿಸಿದೆವು. ನಾಡಿಯನ್ನು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಎಣಿಸುವುದು. ದಿನದ ಅಂಕಿಯನ್ನು ನೋಡದೆ ವಾರದ ಸರಾಸರಿಯನ್ನು ಮಾತ್ರ ನೋಡುವುದು. ನಿದ್ರೆ ಎಷ್ಟು ಗಂಟೆ, ಕೂತದ್ದು ಎಷ್ಟು ನಿಮಿಷ, ಇಷ್ಟನ್ನೇ ಬರೆಯುವುದು. ಧ್ಯಾನದಲ್ಲಿ ಮನಸ್ಸು ಅಲೆದರೆ ಚುಕ್ಕೆಯಿಡಬೇಕಾಗಿಲ್ಲವೆಂದೂ ಹೇಳಿದೆವು. 2010ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2,250 ಮಂದಿಯನ್ನು ಅನಿರೀಕ್ಷಿತ ಹೊತ್ತುಗಳಲ್ಲಿ ಫೋನಿನ ಮೂಲಕ ವಿಚಾರಿಸಿದಾಗ, ನೂರಕ್ಕೆ ಸುಮಾರು 47 ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇದ್ದಿತು. ಅಲೆದ ಮನಸ್ಸನ್ನು ಮರಳಿ ಉಸಿರಿಗೆ ತರುವುದೇ ಅಭ್ಯಾಸ; ಅಲೆಯದಿದ್ದರೆ ತರುವುದೇನನ್ನು?

“ಮನಶ್ಶಾಂತಿಗೆ ಒಂದು ಅಂಕಣ ಬೇಡವೆ?” ಎಂದು ಆತ ಕೇಳಿದ್ದನು. ಅದರ ಮಾನ ಯಾವುದೆಂದು ನಮಗೆ ಗೊತ್ತಿರಲಿಲ್ಲವಾದ್ದರಿಂದ ಬೇಡವೆಂದೆವು. ಪತಂಜಲಿಯು ಹೇಳುವ ಸ್ಥಿತಿಯನ್ನು ಆಲ್ಫಾ ತರಂಗಗಳ ಕಾಗದದಲ್ಲಿ ಹುಡುಕುವವರಿಗೂ ನಮ್ಮ ಉತ್ತರ ಅದೇ.

ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕ ಮತ್ತೆ ನಮ್ಮ ಮೇಜಿನ ಮೇಲೆ ಬಂದಿತು. ಐದಾರು ವಾರಗಳವರೆಗೆ ಸರಾಸರಿಗಳು ಅಚ್ಚುಕಟ್ಟಾಗಿದ್ದವು. ಆಮೇಲಿನ ಪುಟಗಳಲ್ಲಿ ನಾಡಿಯೂ ಇಲ್ಲ, ನಿದ್ರೆಯೂ ಇಲ್ಲ. ಮಸೂರಗಳ ಮೇಲಿನ ಲೆಕ್ಕಗಳನ್ನು ಬಿಡಿಸಿದ್ದನು, ಎರಡು ಕಡೆ ಚಿಹ್ನೆ ತಪ್ಪಿದ್ದಿತು.