ಕಣದಿಂದ ಗಣಿತಕ್ಕೆ ಉರುಳಿದ ಸಿಲಿಂಡರ್

ಸಿಲಿಂಡರ್ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಎರಡು ಚಿತ್ರ. ಒಂದು, ಅಡುಗೆಮನೆಯ ಮೂಲೆಯಲ್ಲಿ ನಿಂತ ಗ್ಯಾಸ್ ಸಿಲಿಂಡರ್. ಇನ್ನೊಂದು, ಮೇಲೊಂದು ಕೆಳಗೊಂದು ವೃತ್ತ ಬರೆದು ‘ಘನಫಲ ಕಂಡುಹಿಡಿಯಿರಿ’ ಎಂದು ಮಕ್ಕಳನ್ನು ಕಾಡುವ ಗಣಿತದ ಆಕೃತಿ. ಈ ಎರಡರಲ್ಲಿ ಗಣಿತದ್ದೇ ಮೊದಲಿನದು, ಪಂಡಿತರು ಕಟ್ಟಿದ ಪದ ಆಮೇಲೆ ಕಾರ್ಖಾನೆಗೂ ಅಡುಗೆಮನೆಗೂ ಇಳಿದು ಬಂತು ಎಂದು ಓದಿದವರೂ ನಂಬುತ್ತಾರೆ. ಶಾಸ್ತ್ರದ ಪದಗಳೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುತ್ತವೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿರುವುದರಿಂದ ಈ ನಂಬಿಕೆಯನ್ನು ಯಾರೂ ಕೆದಕಿ ನೋಡುವುದಿಲ್ಲ. ಆದರೆ ಲ್ಯಾಟಿನ್ ಬರಹಗಳಲ್ಲಿ ಈ ಪದ ಎಲ್ಲೆಲ್ಲಿ, ಯಾವ ಕೆಲಸದ ನಡುವೆ ಬರುತ್ತದೆ ಎಂದು ಹುಡುಕುತ್ತ ಹೋದರೆ ದಾರಿ ತಿರುಗುಮುರುಗಾಗಿ ಕಾಣುತ್ತದೆ. ಉರುಳುವ, ತಿರುಗುವ ವಸ್ತುಗಳಿಗೆ ಆ ಭಾಷೆಯಲ್ಲಿ ಹೆಸರು ಬಂದಿದ್ದು ಬಹುಪಾಲು ಅವು ಮಾಡುವ ಕೆಲಸದಿಂದ. ಆಕೃತಿಯ ಅರ್ಥ ಆಮೇಲೆ ಅಂಟಿಕೊಂಡಿತು.

ಲ್ಯಾಟಿನ್ ಗದ್ಯದಲ್ಲಿ ಇಡಿಯಾಗಿ ಉಳಿದು ಬಂದ ಅತ್ಯಂತ ಹಳೆಯ ಪುಸ್ತಕ ಬೇಸಾಯದ್ದು. ಕ್ರಿ.ಪೂ. 160ರ ಸುಮಾರಿಗೆ ಕೇಟೊ ಬರೆದದ್ದು. ಕೇಟೊ ಕವಿಯಲ್ಲ, ತತ್ತ್ವಜ್ಞಾನಿಯೂ ಅಲ್ಲ. ಎಣ್ಣೆ, ದ್ರಾಕ್ಷಿ, ಆಳುಗಳ ಪಡಿ ಎಲ್ಲವನ್ನೂ ಲೆಕ್ಕ ಹಾಕುವ ಬಿಗಿ ಕೈಯ ಜಮೀನುದಾರ. ಕಣ ಮಾಡುವುದು ಹೇಗೆಂದು ಅವನು ವಿವರಿಸುತ್ತಾನೆ: ಮಣ್ಣನ್ನು ಸಣ್ಣಗೆ ಅಗೆಯಬೇಕು, ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಕಪ್ಪು ನೀರನ್ನು ಚೆನ್ನಾಗಿ ಕುಡಿಸಬೇಕು, ಹೆಂಟೆ ಒಡೆದು ಪುಡಿ ಮಾಡಬೇಕು, ಆಮೇಲೆ ‘ಕ್ಯುಲಿಂಡ್ರುಸ್’ನಿಂದಲೋ ದಿಮ್ಮಸಿನಿಂದಲೋ ಸಮ ಮಾಡಬೇಕು. ನಮ್ಮವರು ಕಣಕ್ಕೆ ಸಗಣಿ ಸಾರಿಸುವ ಜಾಗದಲ್ಲಿ ಅವರದು ಆಲಿವ್ ನೀರು, ಅಷ್ಟೇ. ಗಮನಿಸಬೇಕಾದ ಸಂಗತಿ ಬೇರೆ ಇದೆ. ಕ್ಯುಲಿಂಡ್ರುಸ್ ಎಂದರೇನು ಎಂದು ಕೇಟೊ ಬಿಡಿಸಿ ಹೇಳುವುದಿಲ್ಲ. ಹೊಲದಲ್ಲಿ ಬಿದ್ದಿರುವ ಗುದ್ದಲಿಯ ಹಾಗೆ ಅದೂ ಎಲ್ಲರಿಗೂ ಗೊತ್ತಿರುವ ಸಾಮಾನು. ನೂರಿಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ ವರ್ಜಿಲ್ ತನ್ನ ಕೃಷಿಕಾವ್ಯದಲ್ಲಿ ಕಣದ ಮಾತು ಬಂದಾಗ ಇದೇ ಪದ ಬಳಸುತ್ತಾನೆ, ಇದೇ ಕೆಲಸಕ್ಕೆ. ಕಳೆ ಏಳದಂತೆ, ನೆಲ ಬಿರುಕು ಬಿಡದಂತೆ ದೊಡ್ಡ ಉರುಳೆ ಹೊಡೆಯಬೇಕೆಂದು. ಹಳೇ ಮೈಸೂರು ಸೀಮೆಯ ರೋಣಗಲ್ಲು ಬಲ್ಲವರು ಇಲ್ಲಿ ಒಂದು ತಪ್ಪು ಹೆಜ್ಜೆ ಇಡುವ ಸಂಭವವಿದೆ. ರೋಣಗಲ್ಲು ರಾಗಿ ತೆನೆಯ ಮೇಲೆ ಉರುಳಿ ಕಾಳು ಬಿಡಿಸುತ್ತದೆ. ಕೇಟೊನ ಉರುಳೆ ಕಣದ ನೆಲವನ್ನು ಗಟ್ಟಿ ಮಾಡುತ್ತದೆ. ಒಕ್ಕಣೆಗೆ ರೋಮನ್ನರ ಸಾಧನ ಬೇರೆ, ಅಡಿಯಲ್ಲಿ ಕಲ್ಲಿನ ಚೂರೋ ಕಬ್ಬಿಣವೋ ಕೂರಿಸಿದ ಹಲಗೆ. ಹಲ್ಲುಳ್ಳ ಅಚ್ಚುಗಳು ಪುಟ್ಟ ಗಾಲಿಗಳ ಮೇಲೆ ತಿರುಗುವ ಇನ್ನೊಂದು ಬಗೆಯೂ ಇತ್ತು. ಬೇಸಾಯದ ಬಗ್ಗೆ ಬರೆದ ಇನ್ನೊಬ್ಬ ರೋಮನ್ ವಾರೊ ಅದನ್ನು ‘ಕಾರ್ಥೇಜಿನ ಪುಟ್ಟ ಬಂಡಿ’ ಎನ್ನುತ್ತಾನೆ.

ಇಲ್ಲಿ ಒಬ್ಬ ಜಾಣ ಓದುಗ ತಡೆದು ಕೇಳಬಹುದು. ಕೇಟೊ ಬರೆದದ್ದು ಕ್ರಿ.ಪೂ. ಎರಡನೇ ಶತಮಾನದಲ್ಲಿ. ಯೂಕ್ಲಿಡ್ ಅದಕ್ಕಿಂತ ಒಂದೂವರೆ ಶತಮಾನದಷ್ಟು ಹಿಂದಿನವನು, ಆರ್ಕಿಮಿಡೀಸ್ ತೀರಿಕೊಂಡದ್ದು ಕ್ರಿ.ಪೂ. 212ರಲ್ಲಿ. ಇಬ್ಬರೂ ಸಿಲಿಂಡರನ್ನು ಆಕೃತಿಯಾಗಿಯೇ ಬಲ್ಲರು. ಹಾಗಿದ್ದ ಮೇಲೆ ಗಣಿತದ್ದೇ ಮೊದಲು ಎಂದಾಯಿತಲ್ಲ? ಪ್ರಶ್ನೆ ನ್ಯಾಯವಾದದ್ದು. ಲ್ಯಾಟಿನ್ ಈ ಪದವನ್ನು ಗ್ರೀಕ್‌ನಿಂದ ಎರವಲು ಪಡೆದದ್ದೂ ನಿಜ. ಆದರೆ ತಾರೀಖಿನ ಪಟ್ಟಿ ಹೇಳುವುದು ಯಾವ ಬರಹ ಉಳಿಯಿತು ಎಂಬುದನ್ನು ಮಾತ್ರ. ಪದ ಯಾವುದರಿಂದ ಕಟ್ಟಿದ್ದು ಎಂಬುದನ್ನು ಪದವೇ ಹೇಳಬೇಕು. ಗ್ರೀಕ್‌ನ ‘ಕ್ಯುಲಿಂಡ್ರೊಸ್’ ಹುಟ್ಟಿದ್ದು ಉರುಳಿಸು ಎಂಬ ಅರ್ಥದ ‘ಕ್ಯುಲಿಂಡೇನ್’ ಕ್ರಿಯಾಪದದಿಂದ. ದುಂಡಗೆ ಉದ್ದವಾಗಿರುವುದು ಎಂಬ ಅರ್ಥ ಆ ಧಾತುವಿನಲ್ಲಿ ಎಲ್ಲೂ ಇಲ್ಲ. ಯೂಕ್ಲಿಡ್‌ನ ವ್ಯಾಖ್ಯೆಯನ್ನೇ ನೋಡಿ. ಅವನು ಎರಡು ವೃತ್ತ ಬರೆದು ಸೇರಿಸುವುದಿಲ್ಲ. ಒಂದು ಆಯತದ ಒಂದು ಬದಿಯನ್ನು ಕದಲದಂತೆ ನಿಲ್ಲಿಸಿ, ಆಯತವನ್ನು ಅದರ ಸುತ್ತ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಮೂಡುವ ಆಕೃತಿ ಎನ್ನುತ್ತಾನೆ. ಗಣಿತ ಈ ಹೆಸರನ್ನು ಒಳಗೆ ಕರೆದುಕೊಂಡಾಗ ಚಲನೆಯನ್ನು ಹೊರಗೆ ಬಿಟ್ಟು ಬರಲಿಲ್ಲ. ಹಿಂದೆ ಕನ್ನಡದಲ್ಲಿ ವಿಜ್ಞಾನ ಬರೆದವರು ‘ಉರುಳೆ’ ಎಂಬ ಪದ ಆರಿಸಿಕೊಂಡರಲ್ಲ, ಅದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟವಿತ್ತು. ಅದನ್ನು ಕೈಬಿಟ್ಟದ್ದು ನಷ್ಟವೇ.

ಎರಡು ಅರ್ಥಗಳೂ ಅಕ್ಕಪಕ್ಕದಲ್ಲಿ ಬದುಕಿದ್ದವು ಎನ್ನುವುದಕ್ಕೆ ರೋಮನ್ ವಾಗ್ಮಿ ಸಿಸೆರೊ ಒಬ್ಬನೇ ಸಾಕು. ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ಅವನು ಸಿರಾಕ್ಯೂಸ್ ಊರಿನ ಹೊರಗೆ ಮುಳ್ಳುಪೊದೆಗಳ ನಡುವೆ ಆರ್ಕಿಮಿಡೀಸನ ಸಮಾಧಿಯನ್ನು ಪತ್ತೆ ಹಚ್ಚಿದ. ಊರಿನವರಿಗೇ ಅದರ ನೆನಪಿರಲಿಲ್ಲ. ಸಣ್ಣ ಕಂಬವೊಂದರ ಮೇಲೆ ಗೋಳ ಮತ್ತು ಸಿಲಿಂಡರಿನ ಆಕೃತಿ ಕಂಡು ಗುರುತು ಹಿಡಿದೆ ಎಂದು ಬರೆಯುತ್ತಾನೆ. ಅದು ಗಣಿತದ ಸಿಲಿಂಡರ್. ಅದೇ ಸಿಸೆರೊ ಕ್ರಿ.ಪೂ. 44ರಲ್ಲಿ ವಿಧಿಯ ಬಗ್ಗೆ ಬರೆದ ಪುಸ್ತಕದಲ್ಲಿ ಕ್ರಿಸಿಪ್ಪಸ್ ಎಂಬ ಗ್ರೀಕ್ ತತ್ತ್ವಜ್ಞಾನಿಯ ವಾದವೊಂದನ್ನು ನಿರೂಪಿಸುತ್ತಾನೆ. ಎಲ್ಲವೂ ವಿಧಿಯಂತೆ ನಡೆಯುವುದಾದರೆ ಮನುಷ್ಯನ ಹೊಣೆ ಎಲ್ಲಿ ಉಳಿಯಿತು ಎಂಬ ಪ್ರಶ್ನೆಗೆ ಕ್ರಿಸಿಪ್ಪಸ್ ಕೊಟ್ಟ ಉತ್ತರ ಇದು: ಉರುಳೆಯನ್ನು ತಳ್ಳಿದವನು ಅದಕ್ಕೆ ಚಲನೆಯ ಆರಂಭವನ್ನಷ್ಟೇ ಕೊಟ್ಟ, ಉರುಳುವ ಗುಣವನ್ನು ಕೊಡಲಿಲ್ಲ. ಉರುಳೆ ಉರುಳುವುದೂ ಬುಗುರಿ ತಿರುಗುವುದೂ ತಮ್ಮ ಸ್ವಭಾವದಿಂದ. ಈ ವಾದ ನಿಲ್ಲಬೇಕಾದರೆ ಕೇಳುವವನ ಮನಸ್ಸಿನಲ್ಲಿ ಸಿಲಿಂಡರ್ ಎಂದೊಡನೆ ಉರುಳುವುದು ಮೂಡಬೇಕು. ಗ್ಯಾಸ್ ಸಿಲಿಂಡರನ್ನು ನೆನೆಯುವ ನಮಗೆ ಈ ಉದಾಹರಣೆ ತಟ್ಟನೆ ಹತ್ತುವುದಿಲ್ಲ. ಕಣಕ್ಕೆ ಉರುಳೆ ಹೊಡೆದು ಗೊತ್ತಿದ್ದ ರೋಮನ್ನನಿಗೆ ಹತ್ತುತ್ತಿತ್ತು.

ನನ್ನ ವಾದಕ್ಕೆ ಒಗ್ಗದ ಸಾಕ್ಷಿಯೂ ಒಂದಿದೆ, ಅದು ನಮ್ಮ ಕಡೆಯದೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟದಲ್ಲಿ ಸತ್ತ ರೋಮನ್ ಲೇಖಕ ಪ್ಲೀನಿ ರತ್ನಗಳ ಬಗ್ಗೆ ಬರೆಯುತ್ತ ಬೆರಿಲ್ ಕಲ್ಲಿನ ಮಾತೆತ್ತುತ್ತಾನೆ. ಅವನ ಪ್ರಕಾರ ಇದು ಭಾರತದಲ್ಲಿ ಸಿಗುವ ಕಲ್ಲು, ಬೇರೆಡೆ ಅಪರೂಪ. ಭಾರತೀಯರಿಗೆ ಉದ್ದನೆಯ ಬೆರಿಲ್ ಎಂದರೆ ಪ್ರಾಣ. ತೂತು ಕೊರೆದು ಆನೆಯ ಕೂದಲಲ್ಲಿ ಪೋಣಿಸುತ್ತಾರೆ. ಉಂಗುರದ ಹರಳು ಮಾಡುವ ಬದಲು ‘ಕ್ಯುಲಿಂಡ್ರುಸ್’ ಮಾಡುವುದೇ ಅವರಿಗೆ ಇಷ್ಟ, ಏಕೆಂದರೆ ಉದ್ದಕ್ಕೇ ಬೆಲೆ. ಕ್ರಿ.ಶ. ಎರಡನೇ ಶತಮಾನದ ಭೂಗೋಳಕಾರ ಟಾಲೆಮಿ ಬೆರಿಲ್ ಸಿಗುವ ಊರೆಂದು ಹೆಸರಿಸುವ ‘ಪೌನ್ನಾಟ’ವನ್ನು ಕಬಿನಿ ತೀರದ ಪುನ್ನಾಟವೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಎಂದರೆ ಮೈಸೂರು ಸೀಮೆಯ ಮಣಿಯೊಂದು ಲ್ಯಾಟಿನ್‌ನಲ್ಲಿ ಸಿಲಿಂಡರ್ ಎಂದು ಕರೆಸಿಕೊಂಡಿರಬಹುದು. ಈ ಮಣಿ ಯಾವ ನೆಲವನ್ನೂ ಸಮ ಮಾಡುವುದಿಲ್ಲ, ಎಲ್ಲೂ ಉರುಳುವುದಿಲ್ಲ. ಹಾಗಾಗಿ ಕ್ರಿ.ಶ. ಮೊದಲ ಶತಮಾನದ ಹೊತ್ತಿಗೆ ಪದ ಆಕಾರಕ್ಕೆ ಜಾರಿತ್ತು ಎಂದು ಒಪ್ಪಲೇಬೇಕು. ಒಪ್ಪುತ್ತಲೇ ಇನ್ನೊಂದನ್ನು ಗಮನಿಸಿ: ಬೆರಿಲನ್ನು ಆರು ಮುಖ ಬರುವಂತೆ ಸಾಣೆ ಹಿಡಿಯುತ್ತಾರೆ, ಇಲ್ಲದಿದ್ದರೆ ಬಣ್ಣ ಮಂಕಾಗುತ್ತದೆ ಎಂದು ಪ್ಲೀನಿ ಅದೇ ಭಾಗದಲ್ಲಿ ಹೇಳುತ್ತಾನೆ. ಆರು ಮುಖದ ಕಲ್ಲಿನ ಮಾತಿನ ನಡುವೆ ಸಿಲಿಂಡರ್ ಎನ್ನಲು ಅವನಿಗೆ ಯಾವ ಹಿಂಜರಿಕೆಯೂ ಇಲ್ಲ. ಗಣಿತದ ಬಿಗಿ ಅರ್ಥ ಜನಬಳಕೆಯನ್ನು ಆಳುತ್ತಿದ್ದರೆ ಇಷ್ಟು ಸಡಿಲ ಮಾತು ಬರುತ್ತಿರಲಿಲ್ಲ.

ಇದೇ ಜಾಡಿನಲ್ಲಿ ಹೋದರೆ, ದುಂಡು-ಉದ್ದ ವಸ್ತುಗಳಿಗೆಲ್ಲ ಒಂದೇ ಲ್ಯಾಟಿನ್ ಪದ ಇದ್ದೀತೆಂದು ನಿಘಂಟು ತಿರುವುವವರು ನಿರಾಶರಾಗುತ್ತಾರೆ. ಹಡಗಿನ ಅಡಿಗೆ ಕೊಟ್ಟು ದಡಕ್ಕೆ ಎಳೆಯುವ ದಿಮ್ಮಿ ‘ಫಲಾಂಗ’. ಹಗ್ಗ ಸುತ್ತುವ ಉರುಳೆ ‘ಸೂಕುಲ’. ರಾಟೆಯೊಳಗಿನ ಗಾಲಿ ‘ಓರ್ಬಿಕುಲುಸ್’. ಸುರುಳಿ ಸುತ್ತಿಟ್ಟ ಪುಸ್ತಕ ‘ವೊಲೂಮೆನ್’, ಸುತ್ತು ಎಂಬ ಕ್ರಿಯಾಪದದಿಂದ ಬಂದದ್ದು. ಗ್ರಂಥದ ‘ವಾಲ್ಯೂಮ್’ ಮೊದಲು, ಗಾತ್ರದ ವಾಲ್ಯೂಮ್ ಆಮೇಲೆ, ಟೀವಿಯದು ಅದಕ್ಕೂ ಆಮೇಲೆ. ಆಕಾರವನ್ನೇ ಹೇಳುವ ‘ತೆರೆಸ್’ ಎಂಬ ಗುಣವಾಚಕವೊಂದಿದೆ, ಮರದ ಕಾಂಡ, ತೋಳು, ಹಗ್ಗಗಳಿಗೆ ಹೊಂದುವಂಥದ್ದು. ಅದೂ ಉಜ್ಜು ಎಂಬ ಕ್ರಿಯಾಪದದ ಸಂತಾನ.

ದಿಮ್ಮಿಯ ಮಾತು ಬಂದಾಗ ಇನ್ನೊಂದು ಜನಪ್ರಿಯ ಕಥೆಯನ್ನೂ ನೋಡಬೇಕು. ಆದಿಮಾನವ ದಿಮ್ಮಿ ಉರುಳಿಸಿದ, ದಿಮ್ಮಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದ, ಚಕ್ರ ಸಿದ್ಧವಾಯಿತು ಎಂಬ ಶಾಲಾಪುಸ್ತಕದ ಕಥೆ. ಆದರೆ ಕಾಂಡವನ್ನು ಅಡ್ಡಕೊಯ್ದ ಬಿಲ್ಲೆ ಭಾರಕ್ಕೆ ಸೀಳುತ್ತದೆ. ಸ್ಲೊವೇನಿಯಾದ ಲ್ಯುಬ್ಲಿಯಾನ ಜೌಗಿನಲ್ಲಿ 2002ರಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯ ಮರದ ಚಕ್ರ ಹಲಗೆ ಜೋಡಿಸಿ ಮಾಡಿದ್ದು. ಹಾಗೆಂದು ಉರುಳೆಗೂ ಚಕ್ರಕ್ಕೂ ನಂಟೇ ಇಲ್ಲವೆನ್ನಲಾಗದು. ಆ ಚಕ್ರದ ಅಚ್ಚು ಗಾಲಿಯ ಜೊತೆಗೇ ತಿರುಗುತ್ತಿತ್ತು, ದಿಮ್ಮಿಯ ಹಾಗೆ. ಗಣಿಗಳಲ್ಲಿ ಉರುಳೆಯೇ ಹಂತ ಹಂತವಾಗಿ ಚಕ್ರವಾಯಿತೆಂದು 2024ರಲ್ಲೂ ಸಂಶೋಧಕರು ವಾದಿಸಿದ್ದಾರೆ. ತಪ್ಪಿರುವುದು, ಚಕ್ರ ಬಂದ ಮೇಲೆ ಉರುಳೆ ಮೂಲೆಗೆ ಬಿತ್ತೆಂಬ ಊಹೆಯಲ್ಲಿ. ವಾಸ್ತುಶಿಲ್ಪದ ಬಗ್ಗೆ ಬರೆದ ರೋಮನ್ ವಿಟ್ರೂವಿಯಸ್ ಹೇಳುವ ಎಫೆಸಸ್ ದೇಗುಲದ ಪ್ರಸಂಗ ನೋಡಿ. ಕಂಬಗಳನ್ನು ಗಣಿಯಿಂದ ಎಂಟು ಮೈಲಿ ತರಬೇಕಿತ್ತು. ಬಂಡಿಗೆ ಹೇರಿದರೆ ಮೆತ್ತನೆಯ ಹೊಲದಲ್ಲಿ ಗಾಲಿ ಹೂತುಹೋಗುತ್ತದೆ. ಶಿಲ್ಪಿ ಕೆರ್ಸಿಫ್ರೋನ್ ಕಂಬದ ಎರಡು ತುದಿಗೂ ಕಬ್ಬಿಣದ ಗೂಟ ಕೂರಿಸಿ, ಸೀಸ ಎರೆದು, ಸುತ್ತ ಮರದ ಚೌಕಟ್ಟು ಕಟ್ಟಿ ಎತ್ತು ಹೂಡಿದ. ಕಂಬವೇ ಉರುಳೆಯಾಗಿ ಬಂತು. ಅಂಗಸಾಧನೆಯ ಅಂಗಳ ಸಮ ಮಾಡುವ ಉರುಳೆಯನ್ನು ವಿಟ್ರೂವಿಯಸ್ ಇದಕ್ಕೆ ಹೋಲಿಕೆಯಾಗಿ ಕೊಡುತ್ತಾನೆ. ಚೌಕ ತೊಲೆಗಳು ಉರುಳುವುದಿಲ್ಲವಲ್ಲ; ಕೆರ್ಸಿಫ್ರೋನನ ಮಗ ಮೆಟಗೆನೀಸ್ ಅವುಗಳ ತುದಿಗೆ ಸುಮಾರು ಹನ್ನೆರಡು ಅಡಿ ಎತ್ತರದ ಗಾಲಿ ತೊಡಿಸಿದ. ಅಲ್ಲಿ ಉರುಳೆ ಮೊದಲು, ಗಾಲಿ ಆಮೇಲೆ ಎನ್ನುವ ಹಾಗಿಲ್ಲ: ಗಾಲಿ ಸೋತಲ್ಲಿ ಉರುಳೆ, ಉರುಳೆ ಸೋತಲ್ಲಿ ಗಾಲಿ. ವಿಟ್ರೂವಿಯಸ್‌ನ ಕಾಲದಲ್ಲೇ ಪಕೋನಿಯುಸ್ ಎಂಬ ಗುತ್ತಿಗೆದಾರ ಇದೇ ಜಾಣತನವನ್ನು ಇನ್ನಷ್ಟು ಹಿಗ್ಗಿಸಹೋದ. ಹದಿನೈದು ಅಡಿಯ ಗಾಲಿಗಳ ನಡುವೆ ಕಲ್ಲನ್ನು ಸೇರಿಸಿ, ಸುತ್ತ ಒಂದೇ ಹಗ್ಗ ಸುತ್ತಿ ಎಳೆಸಿದ. ಹಗ್ಗ ಬಿಚ್ಚಿಕೊಳ್ಳುತ್ತ ಕಲ್ಲು ನೆಟ್ಟಗೆ ಬಾರದೆ ಪಕ್ಕಕ್ಕೆ ಸರಿಯಿತು. ಮತ್ತೆ ಹಿಂದಕ್ಕೆಳೆದು ಸರಿಪಡಿಸುವುದರಲ್ಲೇ ಹಣವೆಲ್ಲ ಕರಗಿ ಅವನು ದಿವಾಳಿಯಾದ.

ಗಾಲಿಗೆ ಲ್ಯಾಟಿನ್‌ನ ಸ್ವಂತ ಪದ ‘ರೋತ’. ನಮ್ಮಲ್ಲಿ ಅತಿ ಹೆಚ್ಚು ಹರಿದಾಡುವ ತಪ್ಪು ಕಲ್ಪನೆ ಇದರ ಸುತ್ತಲೇ ಇದೆ: ರೋತ ಬಂದದ್ದು ಸಂಸ್ಕೃತದ ರಥದಿಂದ, ಆದ್ದರಿಂದ ಲ್ಯಾಟಿನ್ ಸಂಸ್ಕೃತದ ಮಗಳು. ಹೋಲಿಕೆ ಆಕಸ್ಮಿಕವಲ್ಲ, ಅಷ್ಟು ಸರಿ. ಅಚ್ಚಿಗೆ ‘ಆಕ್ಸಿಸ್’ ಮತ್ತು ಅಕ್ಷ, ನೊಗಕ್ಕೆ ‘ಯುಗುಮ್’ ಮತ್ತು ಯುಗ ಎಂದು ಬಂಡಿಯ ಭಾಗಗಳೇ ಸಾಲಾಗಿ ಹೊಂದುತ್ತವೆ. ಆದರೆ ತಾಯಿ-ಮಗಳ ಸಂಬಂಧಕ್ಕೆ ಸಂಸ್ಕೃತದ ಒಳಗೇ ಅಡ್ಡಿಯಿದೆ. ಸಂಸ್ಕೃತದಲ್ಲಿ ‘ಮತ್ತು’ ಎನ್ನಲು ಚ, ‘ಯಾರು’ ಎನ್ನಲು ಕಃ. ಎರಡರಲ್ಲೂ ಸ್ವರ ಅ, ಒಂದರಲ್ಲಿ ಚಕಾರ, ಇನ್ನೊಂದರಲ್ಲಿ ಕಕಾರ ಏಕೆ? ಲ್ಯಾಟಿನ್‌ನಲ್ಲಿ ಇವುಗಳದೇ ಬೇರಿನ ‘ಕ್ವೆ’ ಮತ್ತು ‘ಕ್ವೊದ್’ ಉತ್ತರ ಕೊಡುತ್ತವೆ. ಮೊದಲನೆಯದರಲ್ಲಿ ಎ ಸ್ವರವಿತ್ತು, ಎರಡನೆಯದರಲ್ಲಿ ಒ. ಕಕಾರದ ಮುಂದೆ ಇ, ಎ ಸ್ವರ ಬಂದರೆ ಅದು ಚಕಾರಕ್ಕೆ ತಿರುಗುವುದು ನಮಗೆ ಹೊಸದಲ್ಲ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ಕೆರೆ ಅಲ್ಲಿ ಚೆರುವು. ಸಂಸ್ಕೃತ ಚಕಾರ ಮಾಡಿಕೊಂಡ ಮೇಲೆ ಆ ಎ, ಒ ಎರಡನ್ನೂ ಅಕಾರದಲ್ಲಿ ಕಲಸಿಬಿಟ್ಟಿತು. ಚಕ್ರದಲ್ಲೂ ಇದೇ ನಡೆದಿದೆ: ಗ್ರೀಕ್‌ನ ‘ಕ್ಯುಕ್ಲೊಸ್’ ಪದದಲ್ಲಿ ಎರಡೂ ಕಡೆ ಕಕಾರ ಉಳಿದರೆ ಇಲ್ಲಿ ಮೊದಲನೆಯದು ಚ ಆಯಿತು. ಒಂದು ಭಾಷೆ ಅಳಿಸಿಹಾಕಿದ ಸ್ವರಭೇದವನ್ನು ಅದರ ಮಗಳು ಸಾವಿರಾರು ಪದಗಳಲ್ಲಿ ಸರಿಯಾಗಿ ಮರಳಿ ಹಾಕಲಾರಳು. 1786ರಲ್ಲಿ ಕಲ್ಕತ್ತಾದಲ್ಲಿ ಈ ಹೋಲಿಕೆಯನ್ನು ಸಾರಿದ ವಿಲಿಯಂ ಜೋನ್ಸ್ ಕೂಡ ಸಂಸ್ಕೃತವನ್ನು ತಾಯಿ ಎನ್ನಲಿಲ್ಲ. ಬಹುಶಃ ಈಗ ಉಳಿದಿಲ್ಲದ ಒಂದೇ ಮೂಲದಿಂದ ಎಲ್ಲವೂ ಬಂದಿರಬೇಕು ಎಂದ.

ಹಾಗಾದರೆ ಲ್ಯಾಟಿನ್‌ನಲ್ಲಿ ಗಾಲಿಯಾದದ್ದು ಸಂಸ್ಕೃತದಲ್ಲಿ ರಥ ಹೇಗಾಯಿತು ಎಂಬ ಕೊನೆಯ ಆಕ್ಷೇಪ ಉಳಿಯುತ್ತದೆ. ಭಾಷಾವಿಜ್ಞಾನಿಗಳ ಪ್ರಕಾರ ರೋತ ಗಾಲಿ, ರಥ ‘ಗಾಲಿ ಉಳ್ಳದ್ದು’. ಥಕಾರದ ಉಸಿರು ಗಾಲಿಯ ಹೆಸರಿಗೆ ಇನ್ನೊಂದು ಪ್ರತ್ಯಯ ಸೇರಿದ್ದರ ಗುರುತು. ಲಿಥುವೇನಿಯನ್‌ನಲ್ಲಿ ಇದೇ ಪದ ಏಕವಚನದಲ್ಲಿ ಗಾಲಿ, ಬಹುವಚನದಲ್ಲಿ ಬಂಡಿ. ಮೂಲಧಾತು ಹಳೆಯ ಐರಿಷ್‌ನಲ್ಲಿ ಇನ್ನೂ ಕ್ರಿಯಾಪದವಾಗಿಯೇ ಸಿಗುತ್ತದೆ, ಅರ್ಥ ‘ಓಡು’. ಲ್ಯಾಟಿನ್ ಆ ಕ್ರಿಯಾಪದವನ್ನು ಕಳೆದುಕೊಂಡಿತು. ಆಮೇಲೆ ತಿರುಗಿಸು ಎನ್ನಬೇಕಾಗಿ ಬಂದಾಗ ಗಾಲಿಯ ಹೆಸರಿನಿಂದಲೇ ‘ರೊತಾರೆ’ ಎಂಬ ಹೊಸ ಕ್ರಿಯಾಪದ ಕಟ್ಟಿಕೊಂಡಿತು. ಬೆಳೆಯ ರೊಟೇಶನ್, ಡ್ಯೂಟಿಯ ರೊಟೇಶನ್ ಎಂದು ನಾವು ಹೇಳುವುದು ಅದರದೇ ಪದ.